ನುಡಿಯಲ್ಲೇ ಕಳಿಸಿ ಅನ್ನೋದನ್ನ ಇನ್ನಾದರೂ ಬಿಡಿ

"ಲೇಖನ ಚೆನ್ನಾಗಿದೆ. ನುಡಿಯಲ್ಲಿ ಟೈಪ್ ಮಾಡಿಸಿ ಕಳಿಸಿ."

ಈ ಉತ್ತರ ನಿಮಗೂ ಬಂದಿರಬೇಕು. ಕವನ ಸ್ಪರ್ಧೆಗೋ, ದೀಪಾವಳಿ ವಿಶೇಷಾಂಕಕ್ಕೋ, ತಾಲ್ಲೂಕು ಸಮ್ಮೇಳನದ ಸ್ಮರಣ ಸಂಚಿಕೆಗೋ ನೀವು ಫೋನಿನಲ್ಲಿ ಬರೆದು ಕಳಿಸಿದ್ದೀರಿ. ಕನ್ನಡದಲ್ಲೇ ಇದೆ. ಅವರ ಫೋನಿನಲ್ಲೂ ಸರಿಯಾಗಿ ಕಂಡಿದೆ. ಓದಿ, ಚೆನ್ನಾಗಿದೆ ಅಂತ ಹೇಳಿಯೂ ಆಗಿದೆ. ಆದರೂ ಅದು ಇನ್ನೂ ಬರಹ ಅಲ್ಲವಂತೆ. ನುಡಿಗೆ ಹೋಗಿ ಬಂದರೆ ಮಾತ್ರ ಬರಹವಂತೆ.

ಈ ಷರತ್ತಿಗೆ ಇವತ್ತು ಯಾವ ಅಗತ್ಯವೂ ಇಲ್ಲ. ಇದರಿಂದ ಹಳ್ಳಿಯ ಬರಹ ಸಾಯುತ್ತಿದೆ. ಅದನ್ನು ನಾವು ಕಣ್ಣಾರೆ ಕಂಡಿದ್ದೇವೆ, ಅದರಲ್ಲಿ ನಮ್ಮ ಪಾಲೂ ಇದೆ. ಅದಕ್ಕೇ ಬರೆಯುತ್ತಿದ್ದೇವೆ.

ತುಮಕೂರು ಜಿಲ್ಲೆಯ ಶಿರಾ ಕಡೆ ಒಂದು ಊರು. ಅಲ್ಲಿ ನೀರುಗಂಟಿ ಮನೆತನದ ಒಬ್ಬರಿದ್ದಾರೆ. ವಯಸ್ಸು 50 ದಾಟಿದೆ, ಓದಿದ್ದು 7ನೇ ಕ್ಲಾಸು. ಅವರ ಅಪ್ಪ, ತಾತ ಊರ ಕೆರೆಯ ತೂಬು ಎತ್ತಿ ಸರದಿ ಪ್ರಕಾರ ಗದ್ದೆಗಳಿಗೆ ನೀರು ಬಿಡುತ್ತಿದ್ದವರು. ಕೆರೆ ಕೋಡಿ ಬಿದ್ದ ವರ್ಷ ಊರು ಏನು ಮಾಡಿತು, ನೀರು ಕಡಿಮೆಯಾದ ವರ್ಷ ಯಾವ ಬಯಲಿಗೆ ಮೊದಲು ಬಿಟ್ಟರು, ಅದರಿಂದ ಎದ್ದ ಜಗಳ ಹೇಗೆ ಬಗೆಹರಿಯಿತು, ಎಲ್ಲವನ್ನೂ ಅವರು ಎರಡು ವರ್ಷ ರಾತ್ರಿ ಹೊತ್ತು ಫೋನಿನಲ್ಲಿ ಬರೆದರು. ಬರೆದಷ್ಟನ್ನು ಮಗಳ ವಾಟ್ಸ್‌ಆ್ಯಪ್‌ಗೆ ಕಳಿಸಿ ಮಲಗುತ್ತಿದ್ದರು. ಅಂಥ ಬರಹವನ್ನು ಯಾವ ಇಲಾಖೆಯ ಕಡತದಲ್ಲೂ ನಾವು ಓದಿರಲಿಲ್ಲ.

ಒಂದು ಸ್ಪರ್ಧೆಗೆ ಕಳಿಸಿದರು. ಮೇಲಿನ ಉತ್ತರವೇ ಬಂತು. ನಮಗೆ ಫೋನ್ ಮಾಡಿದರು.

"ಸಾ, ನುಡೀಲೇ ಬೇಕು ಅಂತವ್ರೆ. ಏನ್ ಮಾಡೋದು?"

"ತಾಲ್ಲೂಕಿನಲ್ಲಿ ಡಿಟಿಪಿ ಸೆಂಟರ್ ಇದ್ಯಲ್ಲಣ್ಣ, ಅಲ್ಲಿ ಕೊಡಿ" ಅಂದೆವು. ಸುದ್ದಿ ಕಳಿಸುವ ಗಡಿಬಿಡಿ ನಮ್ಮದು. ಹಾಗೆ ಹೇಳಿದ್ದು ತಪ್ಪು. ಪರಿವರ್ತಿಸುವ ಉಚಿತ ತಂತ್ರಾಂಶ ಇದೆ ಅಂತ ನಮಗೆ ಗೊತ್ತಿತ್ತು, ಹತ್ತು ನಿಮಿಷ ಕೂತು ಮಾಡಿಕೊಡಬಹುದಿತ್ತು.

ಸೆಂಟರಿನ ಹುಡುಗ ಕಾಪಿ ಮಾಡಿ ಪೇಸ್ಟ್ ಮಾಡಿ ನೋಡಿದ, ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬಂದವು. ಹಾಗಾಗಿ ಫೋನ್ ನೋಡಿಕೊಂಡು ಮೊದಲಿಂದ ಟೈಪ್ ಮಾಡಿದ. 62 ಪುಟ, ಪುಟಕ್ಕೆ 30 ರೂಪಾಯಿ, ಒಟ್ಟು 1,860. ಆ ವರ್ಷ ಕಡಲೆಕಾಯಿ ಕೈ ಕೊಟ್ಟಿತ್ತು. ಪ್ರಿಂಟ್ ನೋಡಿದರೆ 'ತೂಬು' ಅನ್ನುವುದೆಲ್ಲ 'ತುಂಬು' ಆಗಿದೆ, 'ಕೋಡಿ' ಹೋಗಿ 'ಕೊಡಿ' ಬಂದಿದೆ, 'ಕೆರೆಯ ಅಚ್ಚುಕಟ್ಟು' ಅನ್ನುವುದನ್ನು ಹುಡುಗ 'ಕೆರೆಯ ಅಚ್ಚುಕಟ್ಟುತನ' ಅಂತ ತಿದ್ದಿದ್ದಾನೆ. ಅವನದು ತಪ್ಪಲ್ಲ, ಅವನು ಕೆರೆ ನೀರು ಹರಿಸಿದವನಲ್ಲ. ತಿದ್ದಿಸಲು ಮೂರು ಸಲ ಬಸ್ಸು ಹತ್ತುವಷ್ಟರಲ್ಲಿ ಕೊನೆಯ ದಿನಾಂಕ ಮುಗಿಯಿತು. ಆಮೇಲೆ ಸೆಂಟರಿನ ಕಂಪ್ಯೂಟರ್ ಕೆಟ್ಟು ಫಾರ್ಮ್ಯಾಟ್ ಆಯಿತು. ಅಷ್ಟರಲ್ಲಿ ಮಗಳ ಹಳೆ ಫೋನೂ ಸತ್ತಿತ್ತು, ಅವರ ಫೋನಿನಲ್ಲಿ ಜಾಗ ಸಾಲದೆ ಮೆಸೇಜ್‌ಗಳನ್ನು ಅಳಿಸಿ ಆಗಿತ್ತು. ಉಳಿದದ್ದು ತಪ್ಪು ತುಂಬಿದ 62 ಹಾಳೆ, ಅದರ ಮೇಲೆ ಕೆಂಪು ಪೆನ್ನಿನ ಗೀಟು.

"ಬುಡಿ ಸಾ, ನಮ್ಮಂತೋರಿಗೆ ಯಾಕೆ ಬರಿಯೋ ಉಸಾಬರಿ" ಅಂದರು.

ಈ ಮಾತು ನಮಗೆ ಇವತ್ತಿಗೂ ಚುಚ್ಚುತ್ತದೆ.

ಆಗಿದ್ದೇನು ಅಂತ ಬಿಡಿಸಿ ಹೇಳುತ್ತೇವೆ, ಇದು ಎಲ್ಲರಿಗೂ ತಿಳಿದಿರಬೇಕು. ಕಂಪ್ಯೂಟರ್ ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಇಂಗ್ಲಿಷಿನ ದೊಡ್ಡ 'ಪಿ'ಗೆ 80. ಹಳೆಯ ನುಡಿ ಫಾಂಟು 80 ಕಂಡಾಗ ಪಿ ಬದಲು 'ಕ' ಅಕ್ಷರದ ಮೈಯನ್ನು ತೋರಿಸುತ್ತದೆ, ತಲೆಕಟ್ಟಿಗೆ ಇನ್ನೊಂದು ಸಂಖ್ಯೆ. ಅಂದರೆ ಫೈಲಿನ ಒಳಗೆ ಇರುವುದು ಇಂಗ್ಲಿಷು, ಮೇಲೆ ಕನ್ನಡದ ವೇಷ. ಆ ಫಾಂಟು ಇಲ್ಲದ ಕಡೆ ತೆರೆದರೆ ವೇಷ ಕಳಚುತ್ತದೆ. 'ಕನ್ನಡ' ಅಂತ ಬರೆದದ್ದು ಒಂದು ಪಿ, ಒಂದು ಪೌಂಡ್ ಗುರುತು, ಒಂದು ಕ್ಯೂ, ನಡುನಡುವೆ ತಲೆ ಮೇಲೆ ಗೀಟಿರುವ ಎ, ಹೀಗೆ ಕಾಣುತ್ತದೆ.

ಯುನಿಕೋಡ್‌ನಲ್ಲಿ 'ಕ' ಅಕ್ಷರಕ್ಕೆ 3221 ಅಂತ ಅದರದೇ ಸಂಖ್ಯೆ ಇದೆ. ಯಾವ ಫೋನಿನಲ್ಲಿ ತೆರೆದರೂ ಅದು 'ಕ'ವೇ. ಗೂಗಲ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಕಣ್ಣು ಕಾಣದವರಿಗೆ ಫೋನು ಅದನ್ನು ಓದಿ ಹೇಳುತ್ತದೆ. ಹಳೆಯ ನುಡಿ ಫೈಲಿನಿಂದ ಈ ಯಾವ ಉಪಕಾರವೂ ಆಗುವುದಿಲ್ಲ. ನಿಮ್ಮ ಫೋನಿನ ಕೀಬೋರ್ಡ್ ಬರೆಯುವುದು ಯುನಿಕೋಡನ್ನೇ. ಅಂದರೆ ಈ ವಿಷಯದಲ್ಲಿ ಹಳ್ಳಿಯವರು ಮುಂದಿದ್ದಾರೆ, ಹಿಂದಿರುವುದು ಪತ್ರಿಕೆಯ ಮೇಜು.

ನುಡಿಯ ಮೇಲೆ ನಮಗೆ ಸಿಟ್ಟಿಲ್ಲ. 1998ರಲ್ಲಿ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಅವು ಇಲ್ಲದಿದ್ದರೆ ಸರ್ಕಾರಿ ಕಚೇರಿಯಲ್ಲಿ ಕನ್ನಡದ ಟೈಪಿಂಗ್ ಅಷ್ಟು ಬೇಗ ನೆಲೆಯೂರುತ್ತಿರಲಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕಲಿತ ಕೈ ಇವತ್ತಿಗೂ ಓಡುತ್ತದೆ. ಅದೇ ವಿನ್ಯಾಸದಲ್ಲಿ ಯುನಿಕೋಡನ್ನೂ ಟೈಪ್ ಮಾಡಬಹುದು, ನುಡಿಯ ಈಚಿನ ಆವೃತ್ತಿಗಳೂ ಯುನಿಕೋಡ್ ಬರೆಯುತ್ತವೆ. ಆಗ ಬೇರೆ ದಾರಿ ಇರಲಿಲ್ಲ, ಹಾಗಾಗಿ ವೇಷ ಹಾಕಿಸಿದರು. ಈಗ ದಾರಿ ಇದೆ. ಮಳೆ ನಿಂತ ಮೇಲೂ ಗೊರಗ ಹೊದ್ದುಕೊಂಡೇ ಓಡಾಡಿ ಅನ್ನುವುದು ಯಾವ ನ್ಯಾಯ?

ಪತ್ರಿಕೆಯವರ ಉತ್ತರವೂ ನಮಗೆ ಗೊತ್ತು. "ನಮ್ಮ ಪುಟ ಕಟ್ಟೋದು ಪೇಜ್‌ಮೇಕರ್‌ನಲ್ಲಿ, ಅದು ಯುನಿಕೋಡ್ ತಗೊಳಲ್ಲ." ನಿಜ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದೇ ಕಂಪನಿಯ ಇನ್‌ಡಿಸೈನ್‌ಗೆ 2012ರ ಆವೃತ್ತಿಯಿಂದ ಭಾರತೀಯ ಲಿಪಿಗಳು ಬರುತ್ತವೆ. ದುಡ್ಡಿಲ್ಲ, ಹಳೆಯದರಲ್ಲೇ ಇರುತ್ತೇವೆ ಅಂದರೆ ಇರಿ, ನಮ್ಮ ತಕರಾರಿಲ್ಲ. ಆದರೆ ಯುನಿಕೋಡನ್ನು ನುಡಿಗೆ ಬದಲಿಸುವ ಕೆಲಸ ನೀವು ಮಾಡಿಕೊಳ್ಳಿ. ಕಂಪ್ಯೂಟರ್, ಕರೆಂಟು, ಆಪರೇಟರ್ ಎಲ್ಲ ನಿಮ್ಮ ಕಚೇರಿಯಲ್ಲಿದೆ. ನಿಮಗೆ ಐದು ನಿಮಿಷದ ಕೆಲಸ, ನಮ್ಮ ಊರಿನವರಿಗೆ ಅದು ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು. ಗೌರವಧನ ಕೊಡದ ಪತ್ರಿಕೆಗೆ ಬರೆಯಲು ಬರೆದವರೇ 1,860 ರೂಪಾಯಿ ಕೊಡಬೇಕೆ?

"ಬದಲಿಸಿದರೆ ಒತ್ತಕ್ಷರ ಒಡೆಯುತ್ತೆ, ಅರ್ಕಾವತ್ತು ಜಾಗ ತಪ್ಪುತ್ತೆ" ಅಂತಲೂ ಹೇಳುತ್ತಾರೆ. ಅಲ್ಲೊಂದು ಇಲ್ಲೊಂದು ತಪ್ಪುವುದುಂಟು. 'ರ‍್ಯಾಲಿ' ಬರೆಯಲು ಹೋಗಿ ಫೋನಿನಲ್ಲಿ 'ರ್ಯಾಲಿ' ಆಗುವುದೂ ಉಂಟು. ಅದನ್ನು ಸರಿ ಮಾಡಲು ಕರಡು ತಿದ್ದುವವರು ಅಂತ ಇರುತ್ತಾರೆ. ಬರಹ ಪೂರ್ತಿ ಬೇರೆಯವರ ಕೈಯಲ್ಲಿ ಮರುಟೈಪ್ ಆದಾಗ ಬರುವ ತಪ್ಪಿನ ಮುಂದೆ ಇದು ಏನೂ ಅಲ್ಲ. "ಯುನಿಕೋಡ್‌ನಲ್ಲಿ ಅಂದದ ಫಾಂಟಿಲ್ಲ" ಅನ್ನುವುದೂ ಹಳೆಯ ಮಾತು. ಕೇದಗೆ, ಮಲ್ಲಿಗೆ, ಗುಬ್ಬಿ, ನವಿಲು, ಎಲ್ಲ ಉಚಿತವಾಗಿ ಸಿಗುತ್ತವೆ.

ಇಷ್ಟು ಬೈದ ಮೇಲೆ ನಮ್ಮ ಕಡೆಗೂ ತಿರುಗಬೇಕು. ಕೆರೆಯ ಬರಹ ಹೋದದ್ದು ನುಡಿಯಿಂದ ಮಾತ್ರ ಅಂದರೆ ಸುಳ್ಳಾಗುತ್ತದೆ. ಅದರ ಎರಡನೆಯ ಪ್ರತಿ ಎಲ್ಲೂ ಇರಲಿಲ್ಲ.

ನಾವು ಹಳ್ಳಿಯಲ್ಲಿ ಬರೆಯುವವರು ವಾಟ್ಸ್‌ಆ್ಯಪನ್ನೇ ನೋಟ್‌ಬುಕ್ ಮಾಡಿಕೊಂಡಿದ್ದೇವೆ. ಹಾಡು, ಗುಡ್ ಮಾರ್ನಿಂಗ್, ಸಾವಿನ ಸುದ್ದಿ, ಅದರ ನಡುವೆ ನಮ್ಮ ಕಥೆ. ಫೋನ್ ಹೋದರೆ ಕಥೆಯೂ ಹೋಯಿತು. ಬರೆದ ಐದು ನಿಮಿಷಕ್ಕೆ ಗ್ರೂಪಿಗೆ ಬಿಟ್ಟು ಎಷ್ಟು ಹೆಬ್ಬೆಟ್ಟು ಬಂತು ಅಂತ ಕಾಯುತ್ತೇವೆ, ಇನ್ನೊಂದು ಸಲ ಓದುವುದಿಲ್ಲ. ಪೂರ್ಣವಿರಾಮದ ಜಾಗದಲ್ಲಿ ಏಳೆಂಟು ಚುಕ್ಕಿ ಸುರಿಯುತ್ತೇವೆ. 2017ರಿಂದ ಗೂಗಲ್ ಕನ್ನಡದಲ್ಲಿ ಹೇಳಿದ್ದನ್ನು ಟೈಪ್ ಮಾಡಿಕೊಡುತ್ತಿದೆ, ಬೆರಳು ಓಡದವರಿಗೆ ದೊಡ್ಡ ಅನುಕೂಲ. ಆದರೆ ನಮ್ಮ ಬಾಯಲ್ಲಿ 'ಹಕ್ಕಿ ಹಾರಿತು' ಅಂದರೆ ಅಲ್ಲಿ 'ಅಕ್ಕಿ ಆರಿತು' ಬಂದಿರುತ್ತದೆ. ಓದದೆ ಕಳಿಸಿದರೆ ಸಂಪಾದಕರು ನಗದೆ ಏನು ಮಾಡುತ್ತಾರೆ? "ಫಾಂಟ್ ಪ್ರಾಬ್ಲಂ ಸಾರ್" ಅನ್ನುವುದು ನಮಗೂ ಒಳ್ಳೆ ನೆಪವಾಗಿದೆ. ಬರೆಯದೆ ಇದ್ದುದಕ್ಕೂ ಅದೇ, ತಿದ್ದದೆ ಇದ್ದುದಕ್ಕೂ ಅದೇ. ನಾವೂ ಈ ನೆಪ ಹೇಳಿದ್ದೇವೆ.

ಹಾಗಾಗಿ ಮೊದಲು ನಮ್ಮ ಮನೆ ಸರಿ ಮಾಡಿಕೊಳ್ಳೋಣ. ಬರೆಯುವುದನ್ನು ಗೂಗಲ್ ಡಾಕ್ಸ್‌ನಲ್ಲಿ ಬರೆಯಿರಿ. ನೆಟ್ ಇದ್ದಾಗ ಅದು ತಾನೇ ಉಳಿಸಿಕೊಳ್ಳುತ್ತದೆ, ಫೋನ್ ಹಾಳಾದರೂ ಇನ್ನೊಂದು ಫೋನಿನಲ್ಲಿ ಅದೇ ಖಾತೆಗೆ ಹೋದರೆ ಸಿಗುತ್ತದೆ. ಪಾಸ್‌ವರ್ಡ್ ಒಂದು ಕಡೆ ಬರೆದಿಡಿ. ವಾರಕ್ಕೊಮ್ಮೆ ಒಂದು ಪ್ರತಿಯನ್ನು ನಿಮ್ಮ ಇಮೇಲ್‌ಗೆ ನೀವೇ ಕಳಿಸಿಕೊಳ್ಳಿ. ಬರೆದದ್ದನ್ನು ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಗಟ್ಟಿಯಾಗಿ ಓದಿ ಆಮೇಲೆ ಕಳಿಸಿ. ಡಿಟಿಪಿ ಸೆಂಟರ್‌ಗೆ ಹೋಗಲೇಬೇಕಾದರೆ ಮೂಲ ನಿಮ್ಮ ಬಳಿಯೇ ಇರಲಿ.

ಆಮೇಲೆ ಪತ್ರಿಕೆ, ಸ್ಪರ್ಧೆ, ಸ್ಮರಣ ಸಂಚಿಕೆಯವರಿಗೆ ನಮ್ಮ ಬೇಡಿಕೆ ಇಷ್ಟು. ಪ್ರಕಟಣೆಯಲ್ಲಿ 'ಯುನಿಕೋಡ್‌ನಲ್ಲೂ ಕಳಿಸಬಹುದು' ಅಂತ ಒಂದು ಸಾಲು ಸೇರಿಸಿ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಮ್ಮೇಳನ, ಸ್ಪರ್ಧೆಗಳಿಗಾದರೂ ಇದು ಕಡ್ಡಾಯವಾಗಲಿ. ಆ ಸಾಲು ಹಾಕದವರಿಗೆ ಓದುಗರೇ ಪತ್ರ ಬರೆಯಿರಿ. ಮುಂದಿನ ಸಲ 'ನುಡಿಯಲ್ಲಿ ಕಳಿಸಿ' ಅಂತ ಉತ್ತರ ಬಂದರೆ ಸುಮ್ಮನೆ ಬಸ್ಸು ಹತ್ತಬೇಡಿ. "ಇದು ಕನ್ನಡದಲ್ಲೇ ಇದೆ, ನಿಮ್ಮಲ್ಲೇ ಬದಲಿಸಿಕೊಳ್ಳಿ" ಅಂತ ಮರ್ಯಾದೆಯಿಂದಲೇ ತಿರುಗಿ ಬರೆಯಿರಿ. ಒಬ್ಬರು ಬರೆದರೆ ಅಹಂಕಾರ ಅಂತಾರೆ, ನೂರು ಜನ ಬರೆದರೆ ನಿಯಮ ಬದಲಿಸುತ್ತಾರೆ.

ಶಿರಾ ಕಡೆಯ ಆ ಅಣ್ಣನ ಮನೆಗೆ ಕಳೆದ ತಿಂಗಳು ಹೋಗಿದ್ದೆವು. ಕೆಂಪು ಗೀಟಿನ 62 ಹಾಳೆ ಈಗ ನಮ್ಮ ಬಳಿ ಇದೆ. ಅವರು ಹೇಳುತ್ತಾರೆ, ನಾವು ಫೋನಿನಲ್ಲಿ ಟೈಪ್ ಮಾಡುತ್ತೇವೆ. 'ತುಂಬು' ಇದ್ದ ಕಡೆಯೆಲ್ಲ 'ತೂಬು' ಹಾಕುತ್ತಾ 19ನೇ ಪುಟದವರೆಗೆ ಬಂದಿದ್ದೇವೆ. ಮುಗಿದ ಮೇಲೆ ಯುನಿಕೋಡ್‌ನಲ್ಲೇ ಕಳಿಸುತ್ತೇವೆ. ತಗೊಳ್ಳುವ ಪತ್ರಿಕೆ ಇದ್ದರೆ ಈಗಲೇ ಹೇಳಲಿ.