ಮೊದಲು ಒಬ್ಬರ ಕೈ ಹಿಡಿಯಿರಿ

ಮನೆತನದಲ್ಲೇ ಮೊದಲಿಗನಾಗಿ ಕಾಲೇಜು ಮೆಟ್ಟಿಲೇರಿದ ವಿದ್ಯಾರ್ಥಿ ಪ್ರಥಮ ಸೆಮಿಸ್ಟರಿನಲ್ಲೇ ಅನುತ್ತೀರ್ಣನಾದರೆ ಯಾರಲ್ಲಿ ಹೇಳಿಕೊಳ್ಳಬೇಕು? ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಿಗಾಗಲಿ, ರಾಯಬಾಗ, ಅಥಣಿ, ಕಾಗವಾಡಗಳ ಕೂಲಿ ತಂದೆಗಾಗಲಿ ಮರುಪರೀಕ್ಷೆಯ, ವಿದ್ಯಾರ್ಥಿವೇತನದ ದಾರಿ ತಿಳಿದಿರುವುದಿಲ್ಲ. ಅದನ್ನು ಬಲ್ಲವನು ಅದೇ ದಾರಿ ಸವೆಸಿದ ಹಿರಿಯ ವಿದ್ಯಾರ್ಥಿ.

2006ರ ಸಾಚಾರ್ ವರದಿಯ ಪ್ರಕಾರ, ದೇಶದ ವಯಸ್ಕ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತಲೂ ಕಡಿಮೆಯಿದ್ದರು. ಕಲಿತ ಕೆಲವರೂ ವೇದಿಕೆ, ಹಾರಗಳನ್ನೇ ನಾಯಕತ್ವವೆಂದು ಬಗೆದರೆ ಸಮುದಾಯದ ಗತಿಯೇನು? ಪ್ರವಾದಿವರ್ಯರು(ಸ) ಮದೀನಾದಲ್ಲಿ ಉಪದೇಶಕ್ಕಷ್ಟೇ ನಿಲ್ಲಲಿಲ್ಲ. ಮುಹಾಜಿರರನ್ನೂ ಅನ್ಸಾರರನ್ನೂ ಜೋಡಿಜೋಡಿಯಾಗಿ ಸಹೋದರತೆಯಲ್ಲಿ ಬೆಸೆದರು.

ಚಿಕ್ಕೋಡಿ ಭಾಗದ ಪ್ರತಿ ಹಿರಿಯ ವಿದ್ಯಾರ್ಥಿ ಒಬ್ಬ ಕಿರಿಯನನ್ನು, ವಿದ್ಯಾರ್ಥಿನಿ ಒಬ್ಬ ಕಿರಿಯಳನ್ನು ವಹಿಸಿಕೊಳ್ಳಲಿ. ಬುದ್ಧಿ ಹೇಳುವ ಮೊದಲು ಆಲಿಸಲಿ. ಕೇಳಿದ ಗುಟ್ಟನ್ನು ಅಮಾನತ್ತೆಂದು ಕಾಯಲಿ. ನಾಯಕತ್ವವೆಂದರೆ ಇದೇ ಎಂದು ನಾವು ನಂಬಿದ್ದೇವೆ.