ಹಳೆಯ ಬಿಲ್ಲು, ಇಪ್ಪತ್ತು ಗಜದ ನೀತಿ

ಅಮೆರಿಕದ ಮಿಷಿಗನ್, ವಿಸ್ಕಾನ್ಸಿನ್ ಕಡೆಯ ಬೇಟೆಗಾರರಲ್ಲಿ ಒಂದು ಬಗೆಯವರಿದ್ದಾರೆ. ರಾಟೆ, ಕೇಬಲ್, ಗುರಿ ಹಿಡಿಯುವ ಸಲಕರಣೆ ಎಲ್ಲವೂ ಇರುವ ಹೊಸ ಬಿಲ್ಲು ಅಂಗಡಿಯಲ್ಲಿ ಸಿಗುತ್ತದೆ. ಇವರು ಅದನ್ನು ಬಿಟ್ಟು 1960ರ ದಶಕದ, ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲಿಗಾಗಿ ಹಳೆ ಸಾಮಾನಿನ ಸಂತೆಗಳನ್ನೂ ತೀರಿಕೊಂಡವರ ಮನೆಯ ಹರಾಜುಗಳನ್ನೂ ಸುತ್ತುತ್ತಾರೆ. ಸಿಕ್ಕಿದ್ದನ್ನು ಗೋಡೆಗೆ ತೂಗುಹಾಕಿ ಸುಮ್ಮನಾಗುವುದೂ ಇಲ್ಲ. ಅಕ್ಟೋಬರ್ ಬಂತೆಂದರೆ ಅದನ್ನೇ ಹಿಡಿದು ಜಿಂಕೆ ಬೇಟೆಗೆ ಹೊರಡುತ್ತಾರೆ. ಯಾಕೆ ಎಂದರೆ ಅವರಲ್ಲಿ ಬಹಳ ಮಂದಿ ಹೇಳುವುದು ಒಂದೇ ಮಾತು: ಇದು ಹೆಚ್ಚು ನ್ಯಾಯದ ಬೇಟೆ, ಪ್ರಾಣಿಗೂ ತಪ್ಪಿಸಿಕೊಳ್ಳಲು ಅವಕಾಶವಿದೆ. ಬಲವಾದ ಸಾಧನ ಕೈಗೆಟಕುವಾಗ ದುರ್ಬಲವಾದದ್ದನ್ನು ಆರಿಸಿಕೊಳ್ಳುವುದು ತನ್ನಷ್ಟಕ್ಕೇ ಒಳ್ಳೆಯ ನಡತೆಯಾಗುತ್ತದೆಯೇ?

ಆಗುವುದಿಲ್ಲ ಎಂದೇ ನನ್ನ ವಾದ. ಆದರೂ ಆ ಬಿಲ್ಲಿನ ಮೇಲೆ ನನಗೆ ಗೌರವವಿದೆ, ಅದರ ಕಾರಣ ಬೇರೆ.

ಮೊದಲು ಬಿಲ್ಲಿನ ಕೆಲಸ ನೋಡೋಣ. ಐವತ್ತು ಪೌಂಡಿನ ರಿಕರ್ವ್ ಬಿಲ್ಲನ್ನು ಪೂರ್ತಿ ಎಳೆದಾಗ ಆ ಐವತ್ತು ಪೌಂಡೂ ಮೂರು ಬೆರಳಿನ ಮೇಲೆ ಕೂರುತ್ತದೆ. ಎಳೆದು ಹಿಡಿದು ಕಾಯುವುದೆಂದರೆ ಒಂದೆರಡು ಉಸಿರಿನ ಹೊತ್ತು, ಅಷ್ಟೆ. ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ ಬಿಲ್ಲಿನ ತುದಿಗೆ ರಾಟೆ ಜೋಡಿಸಿ 1969ರಲ್ಲಿ ಪೇಟೆಂಟ್ ಪಡೆದ ಕಾಂಪೌಂಡ್ ಬಿಲ್ಲು ಬದಲಿಸಿದ್ದು ಇದನ್ನೇ. ಅದರಲ್ಲಿ ಕೊನೆಯವರೆಗೆ ಎಳೆದ ಮೇಲೆ ಭಾರ ಇಳಿದುಬಿಡುತ್ತದೆ. ಇಂದಿನ ಕಾಂಪೌಂಡ್‌ಗಳಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಭಾರ ಇಳಿಯುವುದುಂಟು. ಬಾಣದ ವೇಗ ಸೆಕೆಂಡಿಗೆ 300 ಅಡಿ ದಾಟುತ್ತದೆ. ಹಳೆಯ ರಿಕರ್ವ್‌ನಿಂದ ಬೇಟೆಯ ಬಾಣ ಹೊರಟರೆ ಸುಮಾರು 180 ಅಡಿ ಎನ್ನಬಹುದು.

ಈ ವೇಗದ ಲೆಕ್ಕದಲ್ಲೇ ನೀತಿಯ ಪ್ರಶ್ನೆಯೂ ಅಡಗಿದೆ. ಜಿಂಕೆ ಇಪ್ಪತ್ತು ಗಜ ದೂರದಲ್ಲಿದೆ, ಅಂದರೆ ಅರವತ್ತು ಅಡಿ. ಹೆದೆ ಬಿಟ್ಟ ಸದ್ದು ಸೆಕೆಂಡಿಗೆ ಸುಮಾರು 1,100 ಅಡಿಯ ವೇಗದಲ್ಲಿ ಹೋಗಿ, ಸೆಕೆಂಡಿನ ಹದಿನೆಂಟನೆಯ ಒಂದು ಭಾಗದಲ್ಲಿ ಅದರ ಕಿವಿ ಮುಟ್ಟುತ್ತದೆ. ಬಾಣಕ್ಕೆ ಸೆಕೆಂಡಿನ ಮೂರನೆಯ ಒಂದು ಭಾಗ ಬೇಕು. ನಡುವೆ ಉಳಿಯುವ ಕಾಲು ಸೆಕೆಂಡಿಗಿಂತ ತುಸು ಹೆಚ್ಚಿನ ಹೊತ್ತಿನಲ್ಲಿ ಬೆದರಿದ ಜಿಂಕೆ ನೆಗೆಯುವುದಕ್ಕಾಗಿ ಕಾಲು ಮಡಿಸಿ ಮೈ ತಗ್ಗಿಸತೊಡಗಿರುತ್ತದೆ. ದೂರವನ್ನು ನಲವತ್ತು ಗಜಕ್ಕೆ ಏರಿಸಿದರೆ ಆ ಅಂತರ ಅರ್ಧ ಸೆಕೆಂಡು ದಾಟುತ್ತದೆ. ಶ್ವಾಸಕೋಶಕ್ಕೆ ಹಿಡಿದ ಗುರಿ ಆಗ ಬೆನ್ನಿನ ಮೇಲ್ಭಾಗಕ್ಕೋ ಹೊಟ್ಟೆಗೋ ಹೋಗುತ್ತದೆ. ಬಾಣವು ಗುಂಡಿನಂತೆ ಆಘಾತದಿಂದ ಕೊಲ್ಲುವುದಿಲ್ಲ, ಕೊಯ್ದು ರಕ್ತ ಹರಿಸಿ ಕೊಲ್ಲುತ್ತದೆ. ಸರಿಯಾದ ಜಾಗಕ್ಕೆ ಬಿದ್ದರೆ ಪ್ರಾಣಿ ಕೆಲವೇ ಸೆಕೆಂಡುಗಳಲ್ಲಿ ಕುಸಿಯುತ್ತದೆ. ತಪ್ಪಿದರೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳುತ್ತದೆ.

ಆದ್ದರಿಂದ 'ಪ್ರಾಣಿಗೂ ಅವಕಾಶ' ಎಂಬ ಮಾತನ್ನು ಜೋಪಾನವಾಗಿ ಆಡಬೇಕು. ಜಿಂಕೆ ಯಾವ ಪಂದ್ಯಕ್ಕೂ ಒಪ್ಪಿ ಬಂದಿಲ್ಲ. ಗಾಯಗೊಂಡು ಓಡಿಹೋಗುವುದು ಅದಕ್ಕೆ ಸಿಕ್ಕ ಅವಕಾಶವಲ್ಲ. ಬೇಟೆಗಾರ ತನಗೆ ತಾನೇ ತಂದುಕೊಂಡ ಕಷ್ಟ ತನ್ನ ಮೈಮೇಲೆಯೇ ಉಳಿಯಬೇಕು: ಗಾಳಿಯ ದಿಕ್ಕು ನೋಡಿ ಮರದ ಮೇಲೆ ಚಳಿಯಲ್ಲಿ ಕೂರುವುದು, ಇಪ್ಪತ್ತು ಗಜದೊಳಗೆ ಬರುವ ತನಕ ಕಾಯುವುದು, ಇಪ್ಪತ್ತೈದರಲ್ಲಿ ನಿಂತ ಒಳ್ಳೆಯ ಜಿಂಕೆಯನ್ನು ನೋಡುತ್ತಲೇ ಬಿಟ್ಟುಬಿಡುವುದು. ಹಳೆಯ ಬಿಲ್ಲಿನಿಂದ ನಲವತ್ತು ಗಜಕ್ಕೆ ಬಾಣ ಬಿಡುವವನು ಆ ಕಷ್ಟವನ್ನು ಪ್ರಾಣಿಗೆ ದಾಟಿಸುತ್ತಾನೆ. ಅವನ ಕೈಯಲ್ಲಿರುವುದೂ ಅದೇ ಬಿಲ್ಲು, ಆದರೆ ಅವನು ಮಾಡುತ್ತಿರುವುದು ಬೇರೆಯೇ ಕೆಲಸ.

ಆಲ್ಡೊ ಲಿಯೋಪೋಲ್ಡ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಪರಿಸರ ಚಿಂತಕರೆಂದು ನಮ್ಮಲ್ಲಿ ಹೆಸರಾದ ಅವರು ತಮ್ಮ ಬಿಲ್ಲುಗಳನ್ನು ತಾವೇ ಕೆತ್ತಿಕೊಳ್ಳುತ್ತಿದ್ದ ಬೇಟೆಗಾರರೂ ಹೌದು. ಅವರ ಹೆಂಡತಿ ಎಸ್ಟೆಲ್ಲಾ ವಿಸ್ಕಾನ್ಸಿನ್‌ನ ಮಹಿಳಾ ಬಿಲ್ಲುಗಾರಿಕೆಯ ಚಾಂಪಿಯನ್ ಆಗಿದ್ದರು. ಆ ರಾಜ್ಯದಲ್ಲಿ 1934ರಲ್ಲಿ ಬಿಲ್ಲಿಗೆಂದೇ ಪ್ರತ್ಯೇಕ ಜಿಂಕೆ ಬೇಟೆಯ ಋತು ಆರಂಭವಾಯಿತು. 1949ರಲ್ಲಿ, ಅವರು ತೀರಿಕೊಂಡ ಮರುವರ್ಷ, ಪ್ರಕಟವಾದ 'ಎ ಸ್ಯಾಂಡ್ ಕೌಂಟಿ ಅಲ್ಮನಾಕ್'ನಲ್ಲಿ ಅವರು ವಾದಿಸುವುದು ಹೀಗೆ: ಬೇಟೆಗಾರನಿಗೆ ಚಪ್ಪಾಳೆ ತಟ್ಟುವ ಪ್ರೇಕ್ಷಕರಿಲ್ಲ, ಅವನನ್ನು ತಡೆಯುವುದು ಅವನ ಮನಸ್ಸಾಕ್ಷಿ ಮಾತ್ರ, ಯಂತ್ರಗಳು ಹೆಚ್ಚಿದಂತೆ ಅವುಗಳ ಬಳಕೆಗೆ ತಾನೇ ಮಿತಿ ಹಾಕಿಕೊಳ್ಳುವ ಅಭ್ಯಾಸವೂ ಹೆಚ್ಚಬೇಕು. ಮಿತಿ ಇರಬೇಕಾದದ್ದು ಮನುಷ್ಯನಲ್ಲಿ ಎಂಬುದನ್ನು ಗಮನಿಸಬೇಕು. ಬಿಲ್ಲು ಮಿತಿಯನ್ನು ನೆನಪಿಸಬಲ್ಲದು, ಅವನ ಬದಲಿಗೆ ಅದನ್ನು ಪಾಲಿಸಲಾರದು.

ಇಷ್ಟಾದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ. ಪ್ರಾಣಿಯ ನೋವೇ ಮುಖ್ಯವೆಂದಾದರೆ ಒಳ್ಳೆಯ ರೈಫಲ್ ಹಿಡಿಯಬಾರದೇ? ಇದು ಗಟ್ಟಿಯಾದ ಆಕ್ಷೇಪ, ಇದಕ್ಕೆ ಪೂರ್ಣ ಸಮಾಧಾನ ನನ್ನಲ್ಲಿಲ್ಲ. ಇಷ್ಟು ಹೇಳಬಲ್ಲೆ: ದೂರ ಹೋಗುವ ಆಯುಧ ದೂರದ ಆಸೆಯನ್ನೂ ಹುಟ್ಟಿಸುತ್ತದೆ. ಮುನ್ನೂರು ಗಜಕ್ಕೆ ಹೊಡೆಯಬಲ್ಲ ಬಂದೂಕು ಸಿಕ್ಕವನು ನಾನೂರಕ್ಕೆ ಪ್ರಯತ್ನಿಸುತ್ತಾನೆ. ಹಳೆಯ ರಿಕರ್ವ್ ಹಿಡಿದವನಿಗೆ ದಿನವೂ ಅಭ್ಯಾಸ ಬೇಕು. ಒಂದು ತಿಂಗಳು ಕೈಬಿಟ್ಟರೆ ಬಾಣ ಹರಡಿ ಬೀಳುವುದು ಹಿತ್ತಲಿನ ಹುಲ್ಲಿನ ಪೆಂಡಿಯ ಮೇಲೆಯೇ ಗೊತ್ತಾಗುತ್ತದೆ. ತನ್ನ ಶಕ್ತಿ ಎಲ್ಲಿಗೆ ಮುಗಿಯಿತೆಂದು ಇಷ್ಟು ಬೇಗ ತೋರಿಸಿಕೊಡುವ ಸಾಧನಗಳು ಕಡಿಮೆ. ನನ್ನ ಗೌರವ ಇರುವುದು ಅಲ್ಲಿ.

ಸಂಗ್ರಹದ ಮಾತಿಗೂ ಇದು ತಗಲುತ್ತದೆ. ಬಿಲ್ಲು ತಯಾರಕ ಫ್ರೆಡ್ ಬೇರ್ ಅವರ ಕಾರ್ಖಾನೆ ಮಿಷಿಗನ್‌ನ ಗ್ರೇಲಿಂಗ್‌ನಲ್ಲಿತ್ತು; 1978ರಲ್ಲಿ ಅದು ಫ್ಲಾರಿಡಾದ ಗೇನ್ಸ್‌ವಿಲ್‌ಗೆ ಹೋಯಿತು. ಗ್ರೇಲಿಂಗ್‌ನಲ್ಲಿ ತಯಾರಾದ ಕೋಡಿಯಾಕ್, ಗ್ರಿಝ್ಲಿ ಬಿಲ್ಲುಗಳಿಗೆ ಇಂದೂ ಬೇಡಿಕೆ. ಅಂಥ ಒಂದನ್ನು ಕೈಗೆತ್ತಿಕೊಂಡರೆ ಹಿಡಿಯಲ್ಲಿ ನಮ್ಮ ಬೀಟೆಯನ್ನು ನೆನಪಿಸುವ ಗಾಢ ಬಣ್ಣದ ಮರ, ತೋಳುಗಳಲ್ಲಿ ಎರಡು ಫೈಬರ್ ಗ್ಲಾಸ್ ಪದರಗಳ ನಡುವೆ ಮೇಪಲ್ ಮರದ ತೆಳು ಪಟ್ಟಿಗಳು ಕಾಣುತ್ತವೆ. ಹಿಡಿಗೆ ಅದುಮಿದ ನಾಣ್ಯದಂಥ ಬಿಲ್ಲೆ ತಾಮ್ರದ್ದೋ ಹಿತ್ತಾಳೆಯದೋ ಎಂಬುದರ ಮೇಲೆ ವರ್ಷ ಗುರುತಿಸುವವರಿದ್ದಾರೆ. ಬಿಲ್ಲಿನ ಮೇಲೆ ಕೆನಡಾ 1953 ಎಂದು ಕಂಡರೆ ಹೊಸಬರು ಅದೇ ತಯಾರಾದ ವರ್ಷವೆಂದು ನಂಬಿ ಹೆಚ್ಚು ಹಣ ಕೊಡುವುದುಂಟು. ಅದು ಪೇಟೆಂಟಿನ ವರ್ಷ, ಎಷ್ಟೋ ಕಾಲದ ನಂತರದ ಬಿಲ್ಲುಗಳ ಮೇಲೂ ಇದೆ.

ಬೇಟೆಗೆ ಒಯ್ಯುವವನು ನೋಡಬೇಕಾದದ್ದು ಬಿಲ್ಲೆಯನ್ನಲ್ಲ. ಒಂದಿಷ್ಟು ಹತ್ತಿಯನ್ನು ತೋಳಿನ ಉದ್ದಕ್ಕೂ ಮೆಲ್ಲಗೆ ಸವರುತ್ತಾ ಹೋಗಬೇಕು. ಕಣ್ಣಿಗೆ ಕಾಣದ ಸಿಬಿರು ಎದ್ದಿದ್ದರೆ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಹೆದೆಯೇರಿಸಿ ತುದಿಯಿಂದ ಕಣ್ಣು ಹಾಯಿಸಿದಾಗ ದಾರ ಎರಡೂ ತೋಳುಗಳ ನಡುಮಧ್ಯದಲ್ಲಿ ಹಾದುಹೋಗಬೇಕು. ಎಷ್ಟೋ ವರ್ಷ ಗೋಡೆ ಮೂಲೆಗೆ ಒರಗಿಸಿಟ್ಟ ಬಿಲ್ಲಿನ ತೋಳು ತಿರುಚಿಕೊಂಡಿರುತ್ತದೆ. ದಾರವೂ ಹಿಗ್ಗುವ ಡೇಕ್ರಾನ್‌ನದೇ ಆಗಿರಬೇಕು. ಹಿಗ್ಗದ ಹೊಸ ನೂಲು ಬಾಣಕ್ಕೆ ವೇಗ ಕೊಡುತ್ತದೆ ನಿಜ, ಆದರೆ ಅದರ ಹೊಡೆತಕ್ಕೆ ಹಳೆಯ ತುದಿಗಳು ಸೀಳುತ್ತವೆ. ಇನ್ನೂ ಹತ್ತು ಅಡಿ ವೇಗ ಸಿಗಲಿ ಎಂದು ಹಳೆಯ ಬಿಲ್ಲಿಗೆ ಹೊಸ ನೂಲು ಕಟ್ಟುವವನಲ್ಲೂ ನಲವತ್ತು ಗಜದ ಆಸೆಯೇ ಕೆಲಸ ಮಾಡುತ್ತಿರುತ್ತದೆ.

ಅಪರೂಪದ ಬಿಲ್ಲನ್ನು ಎಳೆಯಲೇಬಾರದು, ಜೋಪಾನ ಮಾಡಬೇಕು ಎನ್ನುವವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಸಾವಿರಾರು ಸಂಖ್ಯೆಯಲ್ಲಿ ತಯಾರಾದ ಗ್ರಿಝ್ಲಿ ಕಾಡಿಗೆ ಹೋಗಲಿ. ಬಾಗುವುದಕ್ಕೆಂದೇ ಮಾಡಿದ ವಸ್ತುವನ್ನು ಬಾಗಿಸದೆ ಅದರ ಗುಣ ತಿಳಿಯುವುದಿಲ್ಲ. ಬೆರಳೆಣಿಕೆಯಷ್ಟೇ ಉಳಿದ ಮಾದರಿ, ಅಂಟು ಬಿಡುವ ಸೂಚನೆ ಇರುವ ಬಿಲ್ಲು ಗೋಡೆಯ ಮೇಲಿರಲಿ. ಎಳೆದಾಗ ಅದು ಮುರಿದರೆ ಮುಖಕ್ಕೆ ಬಡಿಯುತ್ತದೆ, ಎದುರಿಗೆ ಪ್ರಾಣಿಯಿದ್ದರೆ ಬಾಣ ಎಲ್ಲೋ ನಾಟುತ್ತದೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಈ ಚರ್ಚೆಗೆ ಕಾಡಿನಲ್ಲಿ ಜಾಗವಿಲ್ಲ, ಇರಲೂಬಾರದು. ಬೇಟೆಯನ್ನು ನಾವು ಬಲ್ಲದ್ದು ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳಿಂದ, ಅದೂ ಬಂದೂಕಿನ ಬೇಟೆಯನ್ನು. ಮಿಷಿಗನ್‌ನ ಸ್ಥಿತಿ ಬೇರೆ: ತೋಳಗಳು ಹೆಚ್ಚುಕಡಿಮೆ ಇಲ್ಲವಾದ ಪ್ರದೇಶಗಳಲ್ಲಿ ಬಿಳಿಬಾಲದ ಜಿಂಕೆಗಳು ಹೆಚ್ಚಿ ಎಳೆಯ ಸಸಿಗಳು ಮೇಲೇಳದಂತೆ ಮೇಯುತ್ತವೆ, ಪರವಾನಗಿ, ಋತು, ಸಂಖ್ಯೆ ಎಲ್ಲವನ್ನೂ ರಾಜ್ಯವೇ ನಿಗದಿಪಡಿಸುತ್ತದೆ. ಅಲ್ಲಿನ ಕಾನೂನು ಬಿಲ್ಲು ಎಂಥದ್ದಿರಬೇಕೆಂದು ಹೇಳಬಹುದು, ಎಷ್ಟು ದೂರಕ್ಕೆ ಬಿಡಬೇಕೆಂಬುದನ್ನು ಬೇಟೆಗಾರನಿಗೇ ಬಿಟ್ಟಿದೆ. ಹಳೆಯ ಬಿಲ್ಲಿನವರು ತಮ್ಮ ಸಭೆಗಳಲ್ಲಿ ಬಿಲ್ಲೆಯ ಲೋಹದ ಬಗ್ಗೆ ಮಾತಾಡುವಷ್ಟೇ ಹೊತ್ತು ಈ ದೂರದ ಬಗ್ಗೆಯೂ ಮಾತಾಡಬೇಕು. ಹೊಸದಾಗಿ ಬಿಲ್ಲು ಕೊಂಡವನಿಗೆ ಯಾವ ವರ್ಷದ್ದೆಂದು ಹೇಳಿಕೊಡುವ ಮೊದಲು, ಹಿತ್ತಲಿನಲ್ಲಿ ಅವನ ಮೊದಲ ಬಾಣ ಎಲ್ಲಿಗೆ ಬೀಳುತ್ತದೆಂದು ಕೇಳಬೇಕು. ಬೇಟೆಯಲ್ಲಿ ಎರಡನೆಯ ಬಾಣಕ್ಕೆ ಸಮಯ ಸಿಗುವುದೇ ಅಪರೂಪ.