ಗುಂಡಿ ಮುಚ್ಚಾಕ ಮೊಸಳೆ ಬರಬೇಕೇನ್ರೀ?

ಹಗಲುವೇಷದವರು ಅಂಗಡಿ ಮುಂದೆ ನಿಂತರೆ, ಅಸುಂಡಿಯಾಗಲಿ ಗದಗಾಗಲಿ, ಗಿರಾಕಿ ವ್ಯಾಪಾರ ಮರೆತು ಹೊರಳಿ ನೋಡುತ್ತಾನೆ. ಸಾಹುಕಾರರು ಗೊಣಗಿಕೊಂಡೇ ಕಾಸು ಕೊಡುತ್ತಾರೆ.

ಇದೇ ವಿದ್ಯೆಯನ್ನು ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ರಸ್ತೆಗುಂಡಿಗೆ ಹಚ್ಚಿದರು. 2015ರಲ್ಲಿ ಸುಲ್ತಾನಪಾಳ್ಯದ ಗುಂಡಿಯಲ್ಲಿ 20 ಕಿಲೊ ತೂಕದ ಮೊಸಳೆ ಗೊಂಬೆ ಬಿಟ್ಟರು. 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2 ಚಂದ್ರನ ಮೇಲೆ ಇಳಿಯಬೇಕಿದ್ದ ಹೊತ್ತಿಗೆ, ನಟನೊಬ್ಬನಿಗೆ ಗಗನಯಾತ್ರಿಯ ವೇಷ ಹಾಕಿಸಿ ಗುಂಡಿಗಳಲ್ಲಿ ನಡೆಸಿದರು. ಪಕ್ಕದಲ್ಲಿ ಆಟೊ ಹೋದಾಗಲೇ ಜನಕ್ಕೆ ಗೊತ್ತಾದದ್ದು, ಇದು ಚಂದ್ರ ಅಲ್ಲೋ ಮಾರಾಯ, ರಸ್ತೆ ಅಂತ! ಎರಡೂ ಸಲ ಪಾಲಿಕೆಯವರು ಓಡಿ ಬಂದು ದುರಸ್ತಿ ಮಾಡಿದರು.

ಸಂಚಾರಕ್ಕೆ ಅಡ್ಡಿ ಎಂದು ಇಂಥವರನ್ನು ಬೈಯುವವರಿದ್ದಾರೆ. ಅಡ್ಡಿ ಮಾಡಿದ್ದು ಗುಂಡಿಯೋ, ಮೊಸಳೆಯೋ? ಬೈಯಬೇಕಾದದ್ದು, ಬಸ್ಸಿನಲ್ಲಿ ದಿನಾ ಸೊಂಟ ಕುಲುಕಿಸಿಕೊಳ್ಳುವವನ ಅರ್ಜಿಗೆ ಕದಲದೆ ವೇಷಕ್ಕೆ ಮಾತ್ರ ಕದಲುವ ಕಡತವನ್ನು. ಕ್ಯಾಮೆರಾದವರು ತಿರುಗಿ ನೋಡದ ಹಳ್ಳ್ಯಾಗ ಮೊಸಳೆ ಬಿಟ್ಟರ ಎಮ್ಮಿ ಬೆದರ್ಯಾವು, ಅಷ್ಟೇ.